ಗೋಡೆಗೆ ಯಾವ ರೋಮ್: ಪನ್ನೀನಿಯದೋ, ಪಿರನೇಸಿಯದೋ?

ಹಾಳುಬಿದ್ದ ರೋಮಿನ ಒಂದು ಚಿತ್ರದ ಪ್ರತಿ ತಂದು ಗೋಡೆಗೆ ಹಾಕಬೇಕು ಅಂತಿದ್ದರೆ, 18ನೇ ಶತಮಾನದ ಈ ಇಬ್ಬರು ಇಟಲಿಯ ಕಲಾವಿದರಲ್ಲಿ ಯಾರನ್ನು ಆರಿಸುವುದೆಂದು ತಲೆ ಕೆಡುವುದು ಸಹಜ.

ಜೊವಾನಿ ಪಾವ್ಲೊ ಪನ್ನೀನಿ (1691–1765) ಬಣ್ಣದವನು. ತೈಲವರ್ಣ, ಹದವಾದ ಬಿಸಿಲು, ಕಂಬಗಳ ಬುಡದಲ್ಲಿ ಹರಟುವ ಜನ. ಪ್ಯಾಂಥಿಯಾನ್, ಕೊಲೋಸಿಯಂ, ಟ್ರಾಜನ್ ಸ್ತಂಭ ಊರಿನ ಬೇರೆ ಬೇರೆ ಕಡೆ ಇದ್ದರೇನಂತೆ, ಒಂದೇ ಚೌಕಟ್ಟಿಗೆ ತಂದು ಕೂರಿಸಿಬಿಡುತ್ತಾನೆ. ರೋಮ್ ನೋಡಲು ಬಂದ ಸಿರಿವಂತರು ನೆನಪಿಗೆಂದು ಇಂಥವನ್ನು ಕೊಂಡೊಯ್ಯುತ್ತಿದ್ದರು. ಚೆಂದವೇ, ಆದರೆ ನನಗೆ ಸಿಹಿ ತುಸು ಜಾಸ್ತಿ.

ಪಿರನೇಸಿಯದು (1720–1778) ಕಪ್ಪು-ಬಿಳುಪು. ತಾಮ್ರದ ತಗಡಿನ ಮೇಲೆ ಗೀರಿ, ಆಮ್ಲದಲ್ಲಿ ಕೊರೆಸಿ, ಅಚ್ಚು ಹಾಕಿದ ಎಚಿಂಗ್‌ಗಳು. 'ವೆದೂತೆ ದಿ ರೋಮಾ' (ರೋಮಿನ ನೋಟಗಳು) ಸರಣಿಯನ್ನು 1740ರ ದಶಕದಿಂದ ಸಾಯುವವರೆಗೂ ಬೆಳೆಸುತ್ತ ಹೋದ. ಅದರಲ್ಲಿ ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನ ಕಮಾನು ನೋಡಿ: ಆಗಿನ್ನೂ ಪೂರ್ತಿ ಅಗೆದಿರಲಿಲ್ಲ, ಬುಡವೆಲ್ಲ ಮಣ್ಣಲ್ಲಿ ಹೂತಿದೆ. ಮನುಷ್ಯರನ್ನು ತೀರಾ ಸಣ್ಣದಾಗಿಸಿ ಕಟ್ಟಡ ಹಿಗ್ಗಿಸುವ ಚಾಳಿ ಇವನಿಗುಂಟು, ಗಾತ್ರವನ್ನು ಪೂರ್ತಿ ನಂಬಬೇಡಿ. ಹಾಗಂತ ಬರೀ ಕಲ್ಪನೆಗಾರನೂ ಅಲ್ಲ. ಪ್ರಾಚೀನ ರೋಮಿನ ಅವಶೇಷಗಳ ಬಗ್ಗೆ 1756ರಲ್ಲಿ ನಾಲ್ಕು ಸಂಪುಟ ತಂದವನು.

ದೂರದಿಂದ ನೋಡುವ ಹಜಾರದ ಗೋಡೆಗೆ ಪನ್ನೀನಿ ಒಪ್ಪುತ್ತಾನೆ. ಓದುವ ಮೇಜಿನ ಪಕ್ಕಕ್ಕಾದರೆ ನನ್ನ ಮತ ಪಿರನೇಸಿಗೇ. ಪುಟ್ಟ ಪ್ರತಿ ಮಾತ್ರ ಬೇಡ, ಗೆರೆಗಳೆಲ್ಲ ಕಲಸಿಹೋಗುತ್ತವೆ. ಮೂಲ ಅಚ್ಚುಗಳೇ ಬಹುಪಾಲು ಅರ್ಧ ಮೀಟರಿಗಿಂತ ಅಗಲ.