ಗ್ರೋವರ್ ಲಾ ರಿಸರ್ವ್: ನಂದಿ ತಪ್ಪಲಿನ ರೆಡ್ ವೈನ್

ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ವೈನರಿ ಇದೆ. ಹೋಗುವುದಾದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ಮಳೆಗಾಲದಲ್ಲಿ ಬಳ್ಳಿ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಣ್ಣು ಇರುವುದಿಲ್ಲ. ಗೊಂಚಲು ತೂಗುವಾಗ ತೋಟ ಸುತ್ತಿ, ಆಮೇಲೆ ಗ್ಲಾಸ್ ಹಿಡಿದರೆ ಆ ರುಚಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಲಾ ರಿಸರ್ವ್ ರೆಡ್. ಕ್ಯಾಬರ್ನೆ ಸುವಿನ್ಯೋನ್, ಶಿರಾಜ್ ಅನ್ನುವ ಎರಡು ಕಪ್ಪು ದ್ರಾಕ್ಷಿ ತಳಿಗಳ ವೈನ್ ಬೆರೆಸಿ ಫ್ರೆಂಚ್ ಓಕ್ ಮರದ ಪೀಪಾಯಿಯಲ್ಲಿ ಇಟ್ಟದ್ದು. ಮೊದಲು ನೇರಳೆ ಹಣ್ಣಿನ ರುಚಿ, ಹಿಂದೆಯೇ ಕಾಳುಮೆಣಸಿನ ಖಾರ, ಕೊನೆಗೆ ನಾಲಿಗೆ ಹಿಡಿಯುವ ಒಗರು. ಆದರೆ ನಾನು ಮೆಚ್ಚಿದ್ದು ಇದರ ಹುಳಿಯನ್ನು. ಸೆಕೆ ಊರಿನ ರೆಡ್ ವೈನ್‌ಗಳು ಎಷ್ಟೋ ಸಲ ಜಾಮ್ ತರ ಮಂದವಾಗಿರುತ್ತವೆ. ಇದು ಹಾಗಲ್ಲ, ಬಾಯಿ ಚುರುಕಾಗುತ್ತದೆ.

ಎತ್ತರ ಇಲ್ಲಿ ದೊಡ್ಡ ಕಾರಣ. ತೋಟ ಸುಮಾರು 900 ಮೀಟರ್ ಎತ್ತರದಲ್ಲಿದೆ, ಪಕ್ಕದಲ್ಲೇ 1,478 ಮೀಟರ್‌ನ ನಂದಿ ಬೆಟ್ಟ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು 6 ಡಿಗ್ರಿ ತಂಪಾಗುತ್ತದೆ. ದ್ರಾಕ್ಷಿ ಹಗಲು ಬಿಸಿಲಿಗೆ ಸಕ್ಕರೆ ಕಟ್ಟಿಕೊಳ್ಳುತ್ತದೆ, ಆದರೆ ರಾತ್ರಿಯೂ ಸೆಕೆ ಇದ್ದರೆ ತನ್ನೊಳಗಿನ ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಬೇಗ ಬೇಗ ಕಳೆದುಕೊಂಡು ಬರೀ ಸಿಹಿ ಉಳಿಯುತ್ತದೆ. ಇಲ್ಲಿ ಚಳಿಗಾಲದ ರಾತ್ರಿ ಸ್ವೆಟರ್ ಬೇಕು ಅಲ್ವಾ, ಆ ತಂಪೇ ಹುಳಿಯನ್ನು ಕಾಪಾಡುತ್ತದೆ.

ಮಣ್ಣಿನ ಪಾಲೂ ಇದೆ. ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ. ನೀರು ಜಾಸ್ತಿ ಸಿಕ್ಕಿದರೆ ಬಳ್ಳಿ ಸುಮ್ನೆ ಎಲೆ ಬಿಡುತ್ತಾ ಹೋಗುತ್ತದೆ, ಕಾಯಿ ಉಬ್ಬಿ ರುಚಿ ತೆಳುವಾಗುತ್ತದೆ.

ಇನ್ನು ಬಳ್ಳಿ ಸವರುವ, ಅಂದರೆ ಕತ್ತರಿಸುವ ಲೆಕ್ಕ ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ಫ್ರಾನ್ಸ್‌ನಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ಬೆಳೆಯುವುದು ನಿಲ್ಲಿಸಿ ತಾನೇ ಮಲಗುತ್ತದೆ, ನಮ್ಮಲ್ಲಿ ಮಲಗುವುದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಮ್ಮೆ, ಮಳೆ ತಗ್ಗುವ ಹೊತ್ತಿಗೆ ಇನ್ನೊಮ್ಮೆ. ತೆಗೆಯುವುದು ಮಾತ್ರ ಒಂದೇ ಬೆಳೆ. ಹೀಗೆ ಮಾಡಿದರೆ ಹಣ್ಣು ಒಣ ಹವೆಯಲ್ಲಿ ಬಲಿಯುತ್ತದೆ, ಮಳೆಯಲ್ಲಿ ಕೊಳೆಯುವ ಭಯ ಕಡಿಮೆ.

ಸುತ್ತಮುತ್ತ ರೈತರು ಬೆಂಗಳೂರು ಬ್ಲೂ ಅನ್ನುವ ಸ್ಥಳೀಯ ದ್ರಾಕ್ಷಿ ಬೆಳೆಯುತ್ತಿದ್ದ ಈ ಕಡೆ 1988ರಲ್ಲಿ ಕನ್ವಲ್ ಗ್ರೋವರ್ ಕಂಪನಿ ಶುರು ಮಾಡಿ ಫ್ರೆಂಚ್ ತಳಿಗಳನ್ನು ನಂಬಿದ್ದು ದೊಡ್ಡ ಧೈರ್ಯ. ಫ್ರಾನ್ಸ್‌ನ ಬೋರ್ಡೋದ ವೈನ್ ತಜ್ಞ ಮಿಷೆಲ್ ರೊಲಾನ್ 90ರ ದಶಕದಲ್ಲಿ ಸಲಹೆಗಾರರಾಗಿ ಬಂದರು.

ಬಾಟಲಿ ಕೊಳ್ಳುವಾಗ ಅಂಗಡಿ ನೋಡಿಕೊಳ್ಳಿ. ಊರೊಳಗಿನ ಒಂದು ಅಂಗಡಿಯಲ್ಲಿ ಬಿಸಿಲು ಬೀಳುವ ಕಪಾಟಿನಿಂದ ಕೊಟ್ಟ ಬಾಟಲಿಯಲ್ಲಿ ಈ ಹುಳಿ, ಪರಿಮಳ ಯಾವುದೂ ಇರಲಿಲ್ಲ. ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಜೊತೆಗೆ ಮೆಣಸು ಹಾಕಿದ ಮಟನ್ ಫ್ರೈ ಇದ್ದರೆ ಸಾಕು; ಹಸಿಮೆಣಸಿನಕಾಯಿ ಖಾರ ಮಾತ್ರ ಬೇಡ, ಒಗರು ಇನ್ನೂ ಜೋರಾಗುತ್ತದೆ.