ಅಂಚೆ ಸೇವೆ: ಹತ್ತು ರೂಪಾಯಿ ಸ್ಟಾಂಪು ಕಡಿಮೆ ಹಚ್ಚಿದ್ದಕ್ಕೆ ದೊಡ್ಡಪ್ಪ ಇಪ್ಪತ್ತು ಕಟ್ಟಿದರು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಗೃಹಪ್ರವೇಶದ ಕಾರ್ಡುಗಳಿಗೆಲ್ಲ ಐದೈದು ರೂಪಾಯಿ ಸ್ಟಾಂಪು ಹಚ್ಚಿ, ಬೀದಿ ಕೊನೆಯ ಕೆಂಪು ಡಬ್ಬಿಗೆ ಹಾಕಿ ಬಂದೆ. ತೂಕ ನೋಡಲಿಲ್ಲ. ಕಾರ್ಡು ಅಂದ್ರೆ ಕಾರ್ಡು ಅಲ್ವಾ ಅಂದುಕೊಂಡಿದ್ದೆ.

ನಾಲ್ಕನೇ ದಿನ ಸಾಗರದಿಂದ ದೊಡ್ಡಪ್ಪನ ಫೋನು. "ಏನ್ ಮಾರಾಯ, ಆಮಂತ್ರಣ ಕಳಿಸಿದ್ಯಾ, ಬಿಲ್ಲು ಕಳಿಸಿದ್ಯಾ?" ಪೋಸ್ಟ್‌ಮ್ಯಾನ್ ಇಪ್ಪತ್ತು ರೂಪಾಯಿ ಇಸ್ಕೊಂಡೇ ಕವರು ಕೊಟ್ಟರಂತೆ.

ಉಳಿದಿದ್ದ ಒಂದು ಕಾರ್ಡನ್ನು ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದೆ. ಕವರು ಸೇರಿ 43 ಗ್ರಾಂ. ಸಾದಾ ಪತ್ರಕ್ಕೆ 20 ಗ್ರಾಂವರೆಗೆ ₹5, ಆಮೇಲೆ ಪ್ರತಿ 20 ಗ್ರಾಂಗೆ, ಅದರಲ್ಲಿ ಒಂದೇ ಗ್ರಾಂ ದಾಟಿದರೂ, ಇನ್ನೊಂದು ₹5. ಅಂದರೆ ₹15 ಹಚ್ಚಬೇಕಿತ್ತು. ಕೊರತೆ ₹10, ಅದರ ಎರಡು ಪಟ್ಟು ₹20. ಲೆಕ್ಕ ಪಕ್ಕಾ. ಕಾರ್ಡಿಗೆ ದಪ್ಪ ರಟ್ಟು, ಚಿನ್ನದ ಬಣ್ಣದ ಗಣಪತಿ ಎಲ್ಲ ಬೇಕು ಅಂದವನೂ ನಾನೇ.

ನಮ್ಮ ಕಡೆ ಇದಕ್ಕೆ ನಾಟ್ ಪೇಯ್ಡ್ ಅಂತಾರೆ, ಕೆಲವರು ಬೇರಿಂಗ್ ಅಂತಾರೆ. ಅಜ್ಜನ ಕಾಲದಲ್ಲಿ ಬೇಕಂತಲೇ ಸ್ಟಾಂಪಿಲ್ಲದೆ ಕಾಗದ ಹಾಕುವವರಿದ್ದರಂತೆ. ದುಡ್ಡು ವಸೂಲಾಗಬೇಕಲ್ಲ, ಹಾಗಾಗಿ ನಾಟ್ ಪೇಯ್ಡ್ ಕಾಗದ ದಾರಿಯಲ್ಲಿ ಕಳೆಯೋದೇ ಇಲ್ಲ ಅನ್ನೋ ನಂಬಿಕೆ.

ಈ ವ್ಯವಸ್ಥೆಯಲ್ಲಿ ನನಗೆ ಇಷ್ಟವಾದದ್ದು ಒಂದೇ, ಆದರೆ ದೊಡ್ಡದು: ಸ್ಟಾಂಪು ಸಾಲದು ಅಂತ ಕಾಗದವನ್ನು ಮೂಲೆಗೆ ಎಸೆಯೋದಿಲ್ಲ, ಮೊದಲು ಮನೆ ಬಾಗಿಲಿಗೆ ಒಯ್ಯುತ್ತಾರೆ, ಹಣದ ಮಾತು ಆಮೇಲೆ. ಕೊರಿಯರ್‌ನವರು ಪೂರ್ತಿ ದುಡ್ಡು ಎಣಿಸದೆ ಕವರನ್ನು ಮುಟ್ಟೋದೂ ಇಲ್ಲ. ಇಷ್ಟವಾಗದ್ದು, ದಂಡ ಮೊದಲು ಬೀಳೋದು ಏನೂ ತಪ್ಪು ಮಾಡದವರ ಮೇಲೆ. ಕರೆಯೋಲೆ ಓದೋಕೆ ಯಾಕಪ್ಪ ದುಡ್ಡು ಕೊಡಬೇಕು?

ಬೇಡ ಅನ್ನಬಹುದು. ಆದರೆ ಕವರು ಒಡೆಯದೆ, ಅಲ್ಲೇ ವಾಪಸು ಕೊಡಬೇಕು. ಗೆಳೆಯನೊಬ್ಬನ ಮನೆಯಲ್ಲಿ ಹಾಗೇ ಆಯಿತು. ಅವನಿಲ್ಲದಾಗ ಅವನಮ್ಮ, ಇದ್ಯಾವುದೋ ದುಡ್ಡು ಕೀಳೋ ಹೊಸ ಮೋಸ ಅಂದುಕೊಂಡು ತಗೊಳ್ಳಲಿಲ್ಲ. ವಾರ ಕಳೆದು ಅದು ನನ್ನ ಮನೆಗೇ ಬಂತು, ಇಪ್ಪತ್ತು ರೂಪಾಯಿ ನಾನೇ ಕಟ್ಟಿದೆ. ಸಿಟ್ಟು ಬರಲಿಲ್ಲ, ನ್ಯಾಯ ಅನ್ನಿಸಿತು. ನನ್ನ ವಿಳಾಸ ಕವರಿನ ಮೇಲೆ ಇತ್ತು, ಹಾಗಾಗಿ ಬಂತು. ವಿಳಾಸ ಬರೆಯದಿದ್ದರೆ ಅಂಥ ಕಾಗದ ವಾಪಸಾದ ಪತ್ರಗಳ ಕಚೇರಿಗೆ, ಅಂದರೆ ಆರ್‌ಎಲ್‌ಒಗೆ ಹೋಗುತ್ತದೆ, ಅಲ್ಲಿ ಕವರು ಬಿಚ್ಚಿ ಕಳಿಸಿದವರು ಯಾರು ಅಂತ ಹುಡುಕುತ್ತಾರೆ.

ನೀವೂ ಕಾರ್ಡು ಕಳಿಸೋರಿದ್ದರೆ ಒಂದನ್ನು ಕೌಂಟರಿಗೆ ಒಯ್ದು ತೂಗಿಸಿ, ಸುಮ್ನೆ ಅಂದಾಜು ಮಾಡಬೇಡಿ. ಮಾಮೂಲಿ ಎ4 ಹಾಳೆ ಹೆಚ್ಚುಕಡಿಮೆ ಐದು ಗ್ರಾಂ ಬರುತ್ತದೆ. ಎರಡು ಹಾಳೆ, ಮೇಲೊಂದು ಕವರು ಆದರೆ ಐದು ರೂಪಾಯಿಯಲ್ಲಿ ನಿಶ್ಚಿಂತೆ. ಮೂರು ಹಾಕಿದರೆ ತಕ್ಕಡಿ ಹೇಳಿದ್ದೇ ಸರಿ. ರಟ್ಟಿನ ಕಾರ್ಡಿನ ಮಾತು ಮೇಲೆ ಹೇಳಿದೆನಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ದೊಡ್ಡಪ್ಪ ಎಷ್ಟು ಕೊಡುತ್ತಾರೋ ಕೇಳಲಿಲ್ಲ. ಗೃಹಪ್ರವೇಶಕ್ಕೆ ಬಂದು ಮುಯ್ಯಿ ಕವರು ಕೊಟ್ಟರು. ಒಳಗೆ ₹481. ಹೊರಗೆ ಅವರದೇ ಮುದ್ದು ಅಕ್ಷರದಲ್ಲಿ "ಅಂಚೆ ಖರ್ಚು ಕಳೆದು".