ಎಸ್ಟೇಟ್ ಸೇಲೋ, ಥ್ರಿಫ್ಟ್ ಅಂಗಡಿಯೋ: ಅಗ್ಗದ ಬೆಳ್ಳಿ ಎಲ್ಲಿ ಸಿಗುತ್ತದೆ?

ಅಮೆರಿಕದಲ್ಲಿ ಹಳೆಯ ಬೆಳ್ಳಿ ಹುಡುಕುವವರು ಮುಖ್ಯವಾಗಿ ಎರಡು ಕಡೆ ಹೋಗುತ್ತಾರೆ. ಒಂದು ಎಸ್ಟೇಟ್ ಸೇಲ್. ಮನೆಯ ಹಿರಿಯರು ತೀರಿಕೊಂಡಾಗಲೋ ಚಿಕ್ಕ ಮನೆಗೆ ಹೋಗುವಾಗಲೋ ಮನೆ ಸಾಮಾನನ್ನೆಲ್ಲ ಅಲ್ಲೇ ಇಟ್ಟು ಎರಡು ಮೂರು ದಿನ ಮಾರುತ್ತಾರೆ. ಇನ್ನೊಂದು ಥ್ರಿಫ್ಟ್ ಅಂಗಡಿ, ಅಂದರೆ ದಾನವಾಗಿ ಬಂದ ಸಾಮಾನು ಮಾರುವ ಗುಡ್‌ವಿಲ್, ಸಾಲ್ವೇಶನ್ ಆರ್ಮಿಯಂಥವು. ಎರಡನ್ನೂ ಸಾಕಷ್ಟು ಸುತ್ತಿದ ಮೇಲೆ ಕಂಡದ್ದು ಇಷ್ಟು: ಎಸ್ಟೇಟ್ ಸೇಲಿನಲ್ಲಿ ಬೆಲೆ ಇಳಿಯುವುದು ಮಾರುವವರಿಗೆ ಹೊತ್ತು ಮೀರಿದಾಗ, ಥ್ರಿಫ್ಟಿನಲ್ಲಿ ಇಳಿಯುವುದು ಅದು ಬೆಳ್ಳಿ ಅಂತ ಅವರಿಗೆ ಗೊತ್ತಾಗದಿದ್ದಾಗ. ಅದಕ್ಕೇ ಅಲ್ಲಿಗೆ ಹೋಗುವಾಗ ತಕ್ಕಡಿ ಬೇಕು, ಇಲ್ಲಿಗೆ ಭೂತಗನ್ನಡಿ ಬೇಕು.

ಎರಡೂ ಕಡೆಗೆ ಲೆಕ್ಕ ಒಂದೇ. ಸ್ಟರ್ಲಿಂಗ್ ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ. ಬೆಳ್ಳಿಯ ದರ ಹೇಳುವುದು ಟ್ರಾಯ್ ಔನ್ಸಿಗೆ, ಅಂದರೆ 31.1 ಗ್ರಾಮಿಗೆ. ಆ ದಿನದ ದರವನ್ನು 0.0297ರಿಂದ ಗುಣಿಸಿದರೆ ಒಂದು ಗ್ರಾಂ ಸ್ಟರ್ಲಿಂಗಿನ ಬೆಲೆ ಬರುತ್ತದೆ. ದರ 40 ಡಾಲರ್ ಇದ್ದರೆ ಗ್ರಾಮಿಗೆ ಸುಮಾರು 1.19 ಡಾಲರ್, 28 ಗ್ರಾಮಿನ ಟೀ ಚಮಚಕ್ಕೆ 33 ಡಾಲರ್ ಆಯಿತು. ನಾಳೆ ನಿಮ್ಮಿಂದ ಕೊಳ್ಳುವ ವ್ಯಾಪಾರಿ ತನ್ನ ಪಾಲು ಮುರಿದುಕೊಂಡೇ ಕೊಡುತ್ತಾನೆ, ಆದ್ದರಿಂದ ಬರೀ ಬೆಳ್ಳಿಯ ಬೆಲೆಯ ಶೇ. 60 ದಾಟಿ ಕೊಡಬೇಡಿ. ಇಲ್ಲಿ ತುಂಬ ಜನ ಎಡವುವುದು ಔನ್ಸಿನಲ್ಲಿ: ಅಡುಗೆಮನೆಯ ತಕ್ಕಡಿ ತೋರಿಸುವ ಔನ್ಸು 28.35 ಗ್ರಾಮಿನದು. ಯಾವಾಗಲೂ ಗ್ರಾಮಿನಲ್ಲೇ ತೂಗಿ.

ಎಸ್ಟೇಟ್ ಸೇಲ್ ನಡೆಸುವವರು ಸಾಮಾನಿನ ಫೋಟೋಗಳನ್ನು ಮೊದಲೇ ಜಾಲತಾಣದಲ್ಲಿ ಹಾಕುತ್ತಾರೆ. ಊಟದ ಮನೆಯ ಗಾಜಿನ ಬೀರು ಕಂಡರೆ ದೊಡ್ಡದು ಮಾಡಿ ನೋಡಿ. ಮೊದಲ ದಿನ ಬೆಳಗಿನ ಜಾವವೇ ಸಾಲಿನ ನಂಬರ್ ಕೊಡುವುದುಂಟು, ಆ ಸಾಲಿನ ಮುಂದೆ ವ್ಯಾಪಾರಿಗಳೇ ಇರುತ್ತಾರೆ. ಆವತ್ತು ಸ್ಟರ್ಲಿಂಗ್ ಎಂದು ಚೀಟಿ ಅಂಟಿಸಿದ ಸಾಮಾನಿಗೆ ಬೆಳ್ಳಿಯ ಬೆಲೆಯೋ ಅದಕ್ಕಿಂತ ಜಾಸ್ತಿಯೋ ಇರುತ್ತದೆ. ಕಾದು ನಿಂತು ಪ್ರಯೋಜನವಿಲ್ಲ. ಕೊನೆಯ ದಿನ ಅರ್ಧ ಬೆಲೆಗೆ ಇಳಿಸುವುದು ಸಾಮಾನ್ಯ ಪದ್ಧತಿ. ಆಗ ಉಳಿದಿರುವುದರಲ್ಲಿ ಎರಡು ಸಾಮಾನು ಕಣ್ಣು ಕಟ್ಟುತ್ತವೆ. ಒಂದು ಊಟದ ಚಾಕು. ಹಿಡಿಯ ಮೇಲೆ ಸ್ಟರ್ಲಿಂಗ್ ಎಂದಿದ್ದರೂ ಅಲಗು ಉಕ್ಕು, ಹಿಡಿಯೊಳಗೆ ಅಂಟು ತುಂಬಿರುತ್ತದೆ. ಹೊರಗಿನ ಸಿಪ್ಪೆಯಲ್ಲಿ ಬೆಳ್ಳಿ 15–20 ಗ್ರಾಂ ಬಂದರೆ ಹೆಚ್ಚು. ಇನ್ನೊಂದು ಮೇಣದಬತ್ತಿಯ ಕಂಬ. ತಳದಲ್ಲಿ ‘ವೆಯ್ಟೆಡ್’ ಅಥವಾ ‘ರೀಇನ್‌ಫೋರ್ಸ್ಡ್’ ಎಂದು ಕೊರೆದಿದ್ದರೆ ಒಳಗೆ ಸಿಮೆಂಟಿನಂಥ ಹೂರಣ, ಮೇಲೆ ಹೋಳಿಗೆಯ ಕಣಕದಷ್ಟು ತೆಳ್ಳಗೆ ಬೆಳ್ಳಿ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಮಾತ್ರ ಬೆಳ್ಳಿ ಎಂದು ಹಿಡಿದೇ ಬೆಲೆ ಕೇಳಿ.

ಹಾಗಾದರೆ ಕೊನೆಯ ದಿನ ಎಲ್ಲಿ ನೋಡಬೇಕು? ಊಟದ ಮನೆ ಬಿಡಿ. ಅಡುಗೆಮನೆಯ ಡ್ರಾಯರು, ಹೊಲಿಗೆ ಡಬ್ಬಿ, ಮಕ್ಕಳ ಕೋಣೆ ನೋಡಿ. ಬೆರಳಿಗೆ ಹಾಕುವ ಹೊಲಿಗೆಯ ಟೊಪ್ಪಿ, ಮಗುವಿನ ಚಮಚ, ಪ್ರವಾಸದಿಂದ ತಂದ ನೆನಪಿನ ಚಮಚಗಳು ಅಲ್ಲೇ ಬಿದ್ದಿರುತ್ತವೆ. ನಾಲ್ಕೈದು ಸಾಮಾನು ಒಟ್ಟು ಮಾಡಿ, ತೂಗಿ, ಒಂದೇ ಮೊತ್ತ ಹೇಳಿ. ಮನೆ ಖಾಲಿ ಮಾಡುವ ಆತುರದಲ್ಲಿರುವವರು ಬಿಡಿಬಿಡಿ ಚೌಕಾಸಿಗಿಂತ ಇದಕ್ಕೆ ಬೇಗ ಒಪ್ಪುತ್ತಾರೆ.

ಥ್ರಿಫ್ಟಿನಲ್ಲಿ ಗಾಜಿನ ಕಪಾಟಿನ ಒಡವೆಗಳಿಂದ ಹೆಚ್ಚು ನಿರೀಕ್ಷೆ ಬೇಡ. ಒಳ್ಳೆಯದು ಕಂಡರೆ ಎಷ್ಟೋ ಕಡೆ ಆನ್‌ಲೈನ್ ಹರಾಜಿಗೆ ಕಳಿಸುತ್ತಾರೆ. ಗುಡ್‌ವಿಲ್‌ಗಂತೂ ಅದಕ್ಕೆಂದೇ ಸ್ವಂತ ಹರಾಜು ತಾಣವಿದೆ. ನಮಗೆ ಬೇಕಾದದ್ದು ಸ್ಟೀಲ್ ಚಮಚಗಳ ಬುಟ್ಟಿ. ಮೊದಲು ಅಯಸ್ಕಾಂತ ಆಡಿಸಿ, ಅಂಟಿದ್ದನ್ನು ಬಿಡಿ. ಅಂಟಲಿಲ್ಲ ಎಂದ ಮಾತ್ರಕ್ಕೆ ಬೆಳ್ಳಿಯಲ್ಲ. 18/10 ಎಂದು ಬರೆದಿರುವ, ಕ್ರೋಮಿಯಂ ನಿಕ್ಕಲ್ ಬೆರೆತ ಸ್ಟೀಲೂ ಹೆಚ್ಚಾಗಿ ಅಂಟುವುದಿಲ್ಲ, ಹಿತ್ತಾಳೆಯಂತೂ ಅಂಟುವುದೇ ಇಲ್ಲ. ಉಳಿದದ್ದರಲ್ಲಿ ಕಪ್ಪಿಟ್ಟದ್ದನ್ನು ಆರಿಸಿ. ಸ್ಟೀಲ್ ಕಪ್ಪಾಗುವುದಿಲ್ಲ, ಬೆಳ್ಳಿಯೂ ಬೆಳ್ಳಿ ಲೇಪವೂ ಆಗುತ್ತವೆ. ಆ ಕಪ್ಪು ನೋಡಿಯೇ ಹಳೇ ಸಾಮಾನು ಎಂದು ಅಗ್ಗದ ಚೀಟಿ ಹಚ್ಚಿರುತ್ತಾರೆ.

ಈಗ ಚಮಚವನ್ನು ಬೋರಲು ಹಿಡಿಯಿರಿ. ಮೇಜಿನ ಮೇಲಿಟ್ಟಾಗ ಮೇಜಿಗೆ ತಾಗುವ ಉಬ್ಬಿನ ಜಾಗ ನೋಡಿ. ಅಲ್ಲಿ ನಾಣ್ಯದಗಲ ಹಳದಿಯೋ ಬೂದುಬಣ್ಣವೋ ಇಣುಕಿದರೆ ಅದು ಲೇಪ, ಸವೆದುಹೋಗಿದೆ. ಫೋರ್ಕಿನಲ್ಲಾದರೆ ಹಲ್ಲಿನ ತುದಿ ನೋಡಿ. ಆಮೇಲೆ ಹಿಡಿಯ ಹಿಂದಿನ ಮುದ್ರೆಗೆ ಭೂತಗನ್ನಡಿ ಹಿಡಿಯಿರಿ. ‘ಸ್ಟರ್ಲಿಂಗ್’, 925 ಅಥವಾ ಇಂಗ್ಲೆಂಡಿನ ನಡೆಯುವ ಸಿಂಹದ ಮುದ್ರೆ ಇದ್ದರೆ ಬೆಳ್ಳಿ. 800ರ ಜೊತೆ ಅರ್ಧಚಂದ್ರ ಮತ್ತು ಕಿರೀಟ ಇದ್ದರೆ ಜರ್ಮನಿಯ ಬೆಳ್ಳಿ, ನೂರಕ್ಕೆ 80 ಭಾಗ. ಆದರೆ ‘ಜರ್ಮನ್ ಸಿಲ್ವರ್’ ಎಂದು ಬರೆದಿದ್ದರೆ ಅದರಲ್ಲಿ ಬೆಳ್ಳಿಯೇ ಇಲ್ಲ. ನಮ್ಮಲ್ಲಿ ಗೃಹಪ್ರವೇಶಕ್ಕೆ ಬಂದವರ ಕೈಗೆ ಕೊಡುವ ಕುಂಕುಮದ ಬಟ್ಟಲಿನ ಲೋಹವೇ ಅದು: ತಾಮ್ರ, ನಿಕ್ಕಲ್, ಸತು. ‘1847 ರಾಜರ್ಸ್ ಬ್ರದರ್ಸ್’ ಎಂಬುದು ಲೇಪದ ಸಾಮಾನಿನ ಹೆಸರು, ಮಾಡಿದ ವರ್ಷವಲ್ಲ. ಅತಿ ಮೋಸ ಮಾಡುವುದು ಇಪಿಎನ್ಎಸ್ (EPNS), ಅಂದರೆ ಆ ಜರ್ಮನ್ ಸಿಲ್ವರ್ ಲೋಹದ ಮೇಲೆ ವಿದ್ಯುತ್ತಿನಿಂದ ಹಚ್ಚಿದ ಬೆಳ್ಳಿ ಲೇಪ. ಈ ನಾಲ್ಕು ಅಕ್ಷರಗಳನ್ನು ಬೇರೆ ಬೇರೆ ಪುಟ್ಟ ಗುರಾಣಿಗಳೊಳಗೆ ಕೊರೆದು ಇಂಗ್ಲೆಂಡಿನ ಅಸಲಿ ಮುದ್ರೆಯಂತೆ ಕಾಣಿಸುತ್ತಾರೆ. ಭೂತಗನ್ನಡಿಯಿಲ್ಲದೆ ನೋಡಿದರೆ ಯಾರಾದರೂ ಬೇಸ್ತು ಬೀಳಬಹುದು.

ಮುದ್ರೆಯೇ ಇಲ್ಲದ್ದೂ ಸಿಗುತ್ತದೆ. ಭಾರತದ ಹಳೆಯ ಬೆಳ್ಳಿ ಎಷ್ಟೋ ಸಲ ಹಾಗೆಯೇ ಇರುತ್ತದೆ. ಉದ್ಧರಣೆಯನ್ನು ಚಿಕ್ಕ ಸೌಟು ಎಂದುಕೊಂಡು ಬುಟ್ಟಿಗೆ ಹಾಕಿದರೆ ಆಶ್ಚರ್ಯವಿಲ್ಲ. ಅಗ್ಗವಾಗಿದ್ದರೆ ತಂದು ಮನೆಯಲ್ಲಿ ನೀರಿನ ಪರೀಕ್ಷೆ ಮಾಡಿ. ಮೊದಲು ಸಾಮಾನು ತೂಗಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಸಾಮಾನನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ; ತಳಕ್ಕೂ ಪಕ್ಕಕ್ಕೂ ತಾಗಬಾರದು, ಮೇಲೆ ಗುಳ್ಳೆ ಕೂತಿರಬಾರದು. ಈಗ ತಕ್ಕಡಿ ತೋರಿಸಿದ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 52 ಗ್ರಾಮಿನ ಚಮಚಕ್ಕೆ 5.0 ಬಂದರೆ ಉತ್ತರ 10.4, ಅದು ಸ್ಟರ್ಲಿಂಗಿನ ಸಾಂದ್ರತೆ. 6.0 ಬಂದರೆ 8.7, ನಿಕ್ಕಲ್ ಮಿಶ್ರಣ. 20 ಗ್ರಾಮಿಗಿಂತ ಹಗುರವಾದದ್ದಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಟೊಳ್ಳು ಹಿಡಿಗೂ ಹೂರಣ ತುಂಬಿದ ಕಂಬಕ್ಕೂ ಈ ಪರೀಕ್ಷೆ ನಡೆಯುವುದಿಲ್ಲ. ಆಸಿಡ್ ಪರೀಕ್ಷೆ ಮಾಡುವುದಾದರೆ ಅರದಿಂದ ಗೀರಿ ಒಳಗಿನ ಲೋಹಕ್ಕೇ ಹನಿ ಬಿಡಬೇಕು; ಬೆಳ್ಳಿಯಾದರೆ ಕೆಂಪಾಗುತ್ತದೆ. ಮೇಲ್ಮೈಗೆ ಬಿಟ್ಟರೆ ಲೇಪವೂ ಕೆಂಪು ತೋರಿಸುತ್ತದೆ. ಆ ಆಸಿಡ್‌ನಲ್ಲಿರುವ ಕ್ರೋಮಿಯಂ ವಿಷ, ಕೈಗವಸು ಬಿಡಬೇಡಿ.

ತೂಕ ಹೆಚ್ಚು ಬರಲಿ ಎನ್ನುವವರಿಗೆ ಎಸ್ಟೇಟ್ ಸೇಲಿನ ಕೊನೆಯ ಮಧ್ಯಾಹ್ನವೇ ಸರಿ. ಹಾಕಿದ ದುಡ್ಡಿಗೆ ಹೆಚ್ಚು ಪಟ್ಟು ಬರಲಿ ಎನ್ನುವವರಿಗೆ ಥ್ರಿಫ್ಟಿನ ಬುಟ್ಟಿ. ಆದರೆ ಹತ್ತು ಸಲ ಹೋದರೆ ಎಂಟು ಸಲ ಬರಿಗೈ ಎಂದು ತಿಳಿದೇ ಹೋಗಬೇಕು. ಎಲ್ಲಿಂದ ತಂದರೂ ಕರಗಿಸುವ ವ್ಯಾಪಾರಿಗೆ ಕೊಡುವ ಮೊದಲು ತಯಾರಕರ ಹೆಸರು ಓದಿ. ಜಾರ್ಜ್ ಯೆನ್ಸನ್, ಟಿಫಾನಿಯಂಥ ಹೆಸರಿದ್ದರೆ ಗ್ರಾಮಿನ ಲೆಕ್ಕಕ್ಕೆ ಮಾರಬೇಡಿ.